ಅಂಗಿಯ ತೋಳು

ಹನ್ನೊಂದು ವರ್ಷ ನನ್ನ ಗಂಡನ ಊಟದ ಚೀಲಕ್ಕೆ ಬಾಟಲಿ ಇಟ್ಟವಳು ನಾನೇ. ಒಂದು ಕಡೆ ಊಟದ ಡಬ್ಬಿ, ಇನ್ನೊಂದು ಕಡೆ ನೀರು, ನಡುವೆ ಹಳೇ ಬಟ್ಟೆ ಸುತ್ತಿದ ಕ್ವಾರ್ಟರ್ ಬಾಟಲಿ. ಬಟ್ಟೆ ಸುತ್ತದಿದ್ದರೆ ಡಬ್ಬಿಗೆ ತಾಗಿ ಟಣಟಣ ಎನ್ನುತ್ತಿತ್ತು, ಬೀದಿಗೆಲ್ಲ ಕೇಳುತ್ತಿತ್ತು. ಬೇರೆ ಹೆಂಗಸರು ಗಂಡ ಕುಡಿಯುತ್ತಾನೆಂದು ಅಳುತ್ತಾರೆ. ನಾನು ಬಾಟಲಿ ಇಡಲು ಮರೆತ ದಿನ ಅಳುತ್ತಿದ್ದೆ. ನಗುವವರು ನಗಲಿ. ಪೂರ್ತಿ ಕೇಳಿಕೊಂಡು ಆಮೇಲೆ ನಗಲಿ.

ನನ್ನ ಗಂಡ ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಹೆಣ ಕೊಯ್ಯುವವನು. ನಾನು ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಮದುವೆಯಾದ ಎರಡನೇ ತಿಂಗಳು, ಅವನಿಗೆ ಕುಡಿಸಬೇಡಿ ಎಂದು ಕೇಳಲು ದೊಡ್ಡ ಡಾಕ್ಟರ ಕೋಣೆಗೆ ಹೋಗಿದ್ದೆ. ಅವರು ಒಳಗೆ ಬಾ ಎನ್ನಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಹೇಳಿದರು.

"ನೋಡಮ್ಮಾ, ಅವನು ಕುಡೀದೆ ಒಳಗೆ ಹೋದ್ರೆ ತಲೆ ಕೆಡುತ್ತೆ. ಅಲ್ಲಿನ ವಾಸನೆ, ಅಲ್ಲಿ ಕಾಣೋದು, ಮನುಷ್ಯರಾದವರಿಗೆ ತಡ್ಕೊಳ್ಳೋಕಾಗಲ್ಲ. ಅದನ್ನ ಹೆಂಡ ಅಂದ್ಕೋಬೇಡ, ಔಷಧ ಅಂದ್ಕೋ. ಬೆಳಿಗ್ಗೆ ನೀನೇ ಕೊಟ್ಟು ಕಳಿಸು, ಒಂದು ಅಳತೇಲಿರುತ್ತೆ."

ಜ್ವರಕ್ಕೆ ಮಾತ್ರೆ ಬರೆದುಕೊಡುವ ಕೈ ಅದು. ಡಾಕ್ಟರೇ ಹೇಳಿದ ಮೇಲೆ ಮುಗಿಯಿತಲ್ಲ. ಮಾರನೇ ದಿನದಿಂದ ಮಾತ್ರೆ ಕೊಟ್ಟ ಹಾಗೆ ಕೊಟ್ಟೆ. ಮನುಷ್ಯರಾದವರಿಗೆ ತಡೆಯಲಾಗದು ಎಂದರೆ ನನ್ನ ಗಂಡ ಮತ್ತೇನು ಎಂದು ಕೇಳಬೇಕಿತ್ತು. ಅದು ಹೊಳೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ಕಾಗದದ ಮೇಲೆ ಹೆಣ ಕೊಯ್ಯುವವರು ದೊಡ್ಡ ಡಾಕ್ಟರು. ವರದಿಯ ಕೆಳಗೆ ಸಹಿ ಅವರದೇ. ಆದರೆ ಅವರು ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಬಾಗಿಲ ಹೊರಗೆ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿರುತ್ತಾರೆ. "ಹೊಟ್ಟೆ ತೆಗಿ. ಎತ್ತಿ ತೋರಿಸು. ಆಯ್ತು, ಮುಚ್ಚು." ಇಷ್ಟೇ ಅವರ ಕೆಲಸ. ಒಳಗೆ ನನ್ನ ಗಂಡ ಗಂಟಲಿನಿಂದ ಹೊಕ್ಕುಳ ಕೆಳಗಿನವರೆಗೆ ಕೊಯ್ಯಬೇಕು. ಪಕ್ಕೆಲುಬು ಕತ್ತರಿಸಬೇಕು. ತಲೆಬುರುಡೆಯನ್ನು ಗರಗಸದಲ್ಲಿ ಸುತ್ತ ಕೊಯ್ದು ಉಳಿಯಿಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಡಿಸಬೇಕು. ನೀರಿನಲ್ಲಿ ನಾಲ್ಕು ದಿನ ಊದಿ ಬಂದವರು, ಬೆಂಕಿಯಲ್ಲಿ ಅರ್ಧ ಉಳಿದವರು, ಹಗ್ಗದ ಗುರುತಿನವರು, ಎಲ್ಲರೂ ಅವನ ಕೈಗೇ ಬರುತ್ತಾರೆ. ಕೊನೆಗೆ ಎಲ್ಲವನ್ನೂ ಒಳಗಿಟ್ಟು ದಬ್ಬಣ, ದಪ್ಪ ದಾರ ತೆಗೆದುಕೊಂಡು ಹೊಲಿಯಬೇಕು. ಆಮೇಲೆ ತೊಳೆದು, ನಾನು ಒಗೆದು ಕೊಟ್ಟ ಬಿಳಿ ಬಟ್ಟೆಯಲ್ಲಿ ಸುತ್ತಿ, ಮುಖ ಮಾತ್ರ ಕಾಣುವ ಹಾಗೆ ಮನೆಯವರಿಗೆ ಕೊಡಬೇಕು.

ಬೆಳಗಿನ ಬಾಟಲಿ ನನ್ನದು. ಎರಡನೇ ಹೆಣ ಬಂದರೆ ಆಸ್ಪತ್ರೆಯದು. ಅಟೆಂಡರ್ ತಂದು ಶವಾಗಾರದ ಕಿಟಕಿಕಟ್ಟೆಯ ಮೇಲಿಟ್ಟು ಹಿಂದಿರುಗಿ ನೋಡದೆ ಹೋಗುತ್ತಿದ್ದ. ಕೈಗೆ ಕೊಡುತ್ತಿರಲಿಲ್ಲ. ನನ್ನ ಗಂಡನ ಕೈಗೆ ಯಾರೂ ಏನನ್ನೂ ಕೊಡುವುದಿಲ್ಲ. ಅಂಗಡಿಯವನು ಸೋಪನ್ನು ಕಟ್ಟೆಯ ಮೇಲಿಟ್ಟು ಬೆರಳ ತುದಿಯಿಂದ ತಳ್ಳುತ್ತಾನೆ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ. ಅವನಿಗೇ ಅದು ಎಷ್ಟು ಒಗ್ಗಿಹೋಗಿತ್ತೆಂದರೆ ಮಗಳ ತಲೆ ಸವರಬೇಕೆನಿಸಿದಾಗ ಮೊಣಕೈಯಿಂದ ಸವರುತ್ತಿದ್ದ. ಅವಳು ಅದನ್ನೇ ಮುದ್ದು ಎಂದುಕೊಂಡು ಬೆಳೆದಳು.

ಕುಡಿತ ಅವನ ತಲೆ ಉಳಿಸಿತೇ? ಎಲ್ಲಿ ಉಳಿಸಿತು! ನಿದ್ದೆಯಲ್ಲಿ ಗರಗಸ ಎಳೆದಂತೆ ತೋಳು ಆಡಿಸುತ್ತಿದ್ದ. ಊಟದ ನಡುವೆ ಎದ್ದು ಹೋಗಿ ಕೈ ತೊಳೆಯುತ್ತಿದ್ದ, ಮತ್ತೆ ಬಂದು ಕೂತು ಮತ್ತೆ ಏಳುತ್ತಿದ್ದ. ಮಗಳು ಮಲಗಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ. ಬಾಟಲಿ ಅವನ ಕಣ್ಣು ಮುಚ್ಚಲಿಲ್ಲ, ಬಾಯಿ ಮುಚ್ಚಿತು. ಅಷ್ಟೇ ಬೇಕಿತ್ತು ಆಸ್ಪತ್ರೆಗೆ.

ಒಂದು ಮಧ್ಯಾಹ್ನ ಶಾಲೆಯ ಸಮವಸ್ತ್ರದಲ್ಲೇ ಒಬ್ಬ ಹುಡುಗಿ ಬಂದಳು. ಲಾರಿ ಹೊಡೆದಿತ್ತು. ನಮ್ಮ ಮಗಳಷ್ಟೇ ವಯಸ್ಸು. ಅವತ್ತು ಅವನು ನನ್ನ ಬಾಟಲಿಯನ್ನೂ ಕುಡಿದ, ಕಿಟಕಿಯದನ್ನೂ ಕುಡಿದ. ಕೊಯ್ದ, ಹೊಲಿದ, ಸುತ್ತಿ ಕೊಟ್ಟ. ಹುಡುಗಿಯ ತಾಯಿ ಹೊರಗೆ ಬಟ್ಟೆ ಸರಿಸಿ ನೋಡಿಬಿಟ್ಟಳು. ಅವಳು ಕಿರುಚಲಿಲ್ಲ, ಬೈಯಲಿಲ್ಲ. ನನ್ನ ಗಂಡನ ಮುಖ ನೋಡಿ ಒಂದೇ ಮಾತು ಕೇಳಿದಳು.

"ಹೊಲಿಗೆ ಯಾಕಪ್ಪಾ ಇಷ್ಟು ಸೊಟ್ಟ?"

ನಾನು ಬಟ್ಟೆಯ ಗಂಟು ಹೊತ್ತು ಅಲ್ಲೇ ನಿಂತಿದ್ದೆ. ನನ್ನ ಗಂಡನ ಮುಖ ಕಲ್ಲಾಯಿತು. ಅವನ ಹೊಲಿಗೆ ಸೊಟ್ಟ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಕುಡಿದರೂ ದಾರ ನೆಟ್ಟಗೆ ಎಳೆಯುತ್ತೇನೆ ಎಂಬುದೊಂದೇ ಅವನಿಗಿದ್ದ ಹೆಮ್ಮೆ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ, "ನಾಳೆಯಿಂದ ಬಾಟಲಿ ಇಡಬೇಡ."

"ತಲೆ ಕೆಡುತ್ತಂತೆ ಕಣಯ್ಯಾ. ಡಾಕ್ಟ್ರೇ ಹೇಳಿದಾರೆ."

"ಕೆಡಲಿ. ಹೊಲಿಗೆ ನೆಟ್ಟಗಿರಬೇಕು."

ಬಸ್ ನಿಲ್ದಾಣದ ಹಿಂದೆ ಕುಡಿತ ಬಿಡುವವರದೊಂದು ಬಳಗವಿದೆ. ಮಹಡಿಯ ಮೇಲೆ ಒಂದು ಹಾಲ್, ಗುಂಡಗೆ ಜೋಡಿಸಿದ ಹದಿನೈದು ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ 'ಇಲ್ಲಿ ಎಲ್ಲರೂ ಒಂದೇ' ಎಂಬ ಬೋರ್ಡು. ಅದನ್ನು ನಡೆಸುವ ಕೌನ್ಸೆಲರ್ ಮೇಡಂ ಒಳ್ಳೆಯವರೇ. ಇಲ್ಲ ಎನ್ನಲಾರೆ. ಮೊದಲ ಎಂಟು ದಿನ ಅವನು ಮೈಯೆಲ್ಲ ಬೆವತು, ಹಲ್ಲು ಕಟಕಟ ಎನ್ನಿಸುತ್ತ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಿದಾಗ ಓಡಿ ಬಂದವರು ಅವರು. ವಾರ್ಡಿಗೆ ಸೇರಿಸಿದರು, ಮಾತ್ರೆ ಕೊಡಿಸಿದರು. "ಈ ರೋಗ ಒಬ್ಬರೇ ಗೆಲ್ಲೋದಲ್ಲಮ್ಮಾ, ನಾಲ್ಕು ಜನ ಜೊತೆಗಿರಬೇಕು" ಎಂದರು. ಆ ನಾಲ್ಕು ಜನ ಸಿಕ್ಕರು ಎಂದುಕೊಂಡೆ.

ಬಳಗ ವಾರಕ್ಕೆ ಎರಡು ಸಂಜೆ ಸೇರುತ್ತದೆ. ಒಬ್ಬೊಬ್ಬರೇ ಎದ್ದು ತಮ್ಮ ಕಥೆ ಹೇಳಬೇಕು, ಸುಳ್ಳು ಹೇಳಕೂಡದು. ಕೊನೆಗೆ ಎಲ್ಲರೂ ನಿಂತು ಸುತ್ತಲೂ ಕೈ ಕೈ ಹಿಡಿದು, 'ಇವತ್ತು ಒಂದು ದಿನ' ಎಂದು ಮೂರು ಸಲ ಹೇಳಬೇಕು. ನನ್ನ ಗಂಡ ಮೊದಲ ದಿನ ಬಂದು ಇದನ್ನೆಲ್ಲ ಹೇಳುವಾಗ ಅವನ ಮುಖ ಬೆಳಗುತ್ತಿತ್ತು. "ಕೈ ಹಿಡಿದ್ರು ಕಣೇ" ಎಂದ. ತನ್ನ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಎರಡನೇ ಸಲ ಅವನ ಸರದಿ ಬಂದು, ತಾನು ಏನು ಕೆಲಸ ಮಾಡುವವನು ಎಂದು ಹೇಳಿದ. ಸುಳ್ಳು ಹೇಳಕೂಡದಲ್ಲ.

ಅದಾದ ಮೇಲೆ ಅವನು ಕೈಯ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಒಂದು ದಿನ ತನ್ನ ಉದ್ದ ತೋಳಿನ ಅಂಗಿ ತಂದು ನನ್ನ ತೊಡೆಯ ಮೇಲೆ ಹಾಕಿದ.

"ಇದರ ತೋಳು ಎರಡು ಇಂಚು ಉದ್ದ ಮಾಡ್ಕೊಡು."

"ಕೈಯೆಲ್ಲ ಮುಚ್ಚಿ ಹೋಗುತ್ತಲ್ಲೋ ಮಾರಾಯ."

"ಮುಚ್ಚಲಿ. ಅಲ್ಲಿ ಚಳಿ."

ಸುಡುವ ಬೇಸಿಗೆ ಅದು. ಲಾಂಡ್ರಿಯಲ್ಲಿ ನಾನು ಬೆಂದು ಹೋಗುತ್ತಿದ್ದೆ. ಕುಡಿತ ಬಿಟ್ಟ ಮೈ, ಚಳಿಯಾಗುತ್ತದೇನೋ ಎಂದುಕೊಂಡು, ಅದೇ ಬಣ್ಣದ ತುಂಡು ಹುಡುಕಿ ತೋಳಿಗೆ ಜೋಡಿಸಿ ಹೊಲಿದುಕೊಟ್ಟೆ. ಚೆನ್ನಾಗಿ ಹೊಲಿದಿದ್ದೀಯ, ಜೋಡಿಸಿದ್ದೇ ಗೊತ್ತಾಗಲ್ಲ ಎಂದ. ನಾನು ಹಿಗ್ಗಿದೆ. ಬುದ್ಧಿ ಇಲ್ಲದವಳು ನಾನು. ಬಾಟಲಿ ಇಟ್ಟವಳೂ ನಾನೇ, ತೋಳು ಉದ್ದ ಮಾಡಿದವಳೂ ನಾನೇ.

ಅರವತ್ತನೇ ದಿನ ಮನೆಯವರನ್ನೂ ಕರೆದಿದ್ದರು. ಹೋಗಿ ಗೋಡೆಯ ಪಕ್ಕ ಕೂತೆ. ಕೊನೆಗೆ ಎಲ್ಲರೂ ಎದ್ದು ಕೈ ಹಿಡಿದರು. ನನ್ನ ಗಂಡನ ಎಡಕ್ಕೆ ಜವಳಿ ಅಂಗಡಿಯ ಯಜಮಾನರು, ಬಲಕ್ಕೆ ಒಬ್ಬರು ನಿವೃತ್ತ ಮೇಷ್ಟರು. ಯಜಮಾನರು ಅವನ ಕೈ ಹಿಡಿಯಲಿಲ್ಲ. ಅಂಗಡಿಯಲ್ಲಿ ಬಟ್ಟೆಯ ದಪ್ಪ ನೋಡುವವರ ಹಾಗೆ ಎರಡೇ ಬೆರಳಲ್ಲಿ ಅಂಗಿಯ ತೋಳಿನ ಅಂಚು ಹಿಡಿದರು. ನಾನು ಜೋಡಿಸಿದ ಎರಡು ಇಂಚು ಅವರ ಬೆರಳಲ್ಲಿತ್ತು. ಮೇಷ್ಟರು ಆ ಕಡೆಯ ಎರಡು ಇಂಚು ಹಿಡಿದಿದ್ದರು. ನನ್ನ ಗಂಡನ ಬೆರಳುಗಳು ತೋಳಿನೊಳಗೆ ಮಡಚಿ ಅಡಗಿ ಕೂತಿದ್ದವು. ಅವನು ಎಲ್ಲರ ಜೊತೆ ದನಿಗೂಡಿಸಿ ಹೇಳುತ್ತಿದ್ದ, ಇವತ್ತು ಒಂದು ದಿನ, ಇವತ್ತು ಒಂದು ದಿನ.

ನನ್ನ ಮೈ ಉರಿದುಹೋಯಿತು. ಎಲ್ಲರೂ ಹೋಗುವವರೆಗೂ ಕಾದು ಮೇಡಂ ಹತ್ತಿರ ಹೋದೆ.

"ಮೇಡಂ, ನೀವು ನೋಡಿಲ್ವಾ?"

ಅವರು ತಲೆ ತಗ್ಗಿಸಿದರು. "ನೋಡಿದೀನಮ್ಮಾ. ಅವರಿಗೂ ಸ್ವಲ್ಪ ಸಮಯ ಬೇಕು. ಬಲವಂತ ಮಾಡಿದ್ರೆ ಬರೋದೇ ಬಿಟ್ಬಿಡ್ತಾರೆ."

"ಕುಡಿಯೋದನ್ನ ಇವತ್ತಿಂದಲೇ ಬಿಡು ಅಂತೀರ. ಇದನ್ನ ಬಿಡೋಕೆ ಮಾತ್ರ ಸಮಯ ಬೇಕಾ?"

ನನ್ನ ಗಂಡ ನನ್ನ ರಟ್ಟೆ ಹಿಡಿದು ಮೆಟ್ಟಿಲು ಇಳಿಸಿದ. "ಇನ್ನು ಬಾಯಿ ಹಾಕಬೇಡ. ತೋಳಾದ್ರೂ ಹಿಡೀತಾರಲ್ಲ. ಅದೂ ಇಲ್ಲದಿದ್ರೆ ನಾನು ಒಬ್ಬನೇ ಮತ್ತೆ ಆ ಕಿಟಕಿ ಹತ್ರ ಹೋಗಿ ನಿಲ್ಲಬೇಕಾಗುತ್ತೆ" ಎಂದ.

ಕುಡಿಯದೆ ಕೆಲಸಕ್ಕೆ ಹೋದವನ ತಲೆಯೇನೂ ಕೆಡಲಿಲ್ಲ. ಅವನು ಅಳುತ್ತಿದ್ದ. ಕೆಲಸ ಮುಗಿಸಿ ಬಂದು ಲಾಂಡ್ರಿಯ ತೊಟ್ಟಿಯ ಪಕ್ಕ ಕೂತು ಅತ್ತು, ಮುಖ ತೊಳೆದುಕೊಂಡು ಮನೆಗೆ ಬರುತ್ತಿದ್ದ. ಮಗಳ ಜೊತೆ ಮಾತಾಡುತ್ತಿದ್ದ. ಆದರೆ ಕೆಲಸ ನಿಧಾನವಾಯಿತು. ಮೊದಲು ಒಂದು ಬೆಳಿಗ್ಗೆಗೆ ಮೂರು ಮುಗಿಸುತ್ತಿದ್ದವನು ಈಗ ಒಂದಕ್ಕೇ ಎರಡು ಗಂಟೆ ತೆಗೆದುಕೊಳ್ಳುತ್ತಿದ್ದ. ಪ್ರತಿ ಹೊಲಿಗೆಯನ್ನೂ ಬೆರಳಲ್ಲಿ ಅಳೆದು ಹಾಕುತ್ತಿದ್ದ. ಕೂದಲಿಗೆ ಅಂಟಿದ ರಕ್ತ ತೊಳೆದು ಬಾಚುತ್ತಿದ್ದ. ಬಾಗಿಲ ಹೊರಗೆ ನಿಂತವರಿಗೆ ಕಾಲು ನೋಯತೊಡಗಿತು.

"ಕುಡೀತಿದ್ದಾಗಲೇ ಚೆನ್ನಾಗಿದ್ದೆ ನೀನು" ಎಂದು ದೊಡ್ಡ ಡಾಕ್ಟರು ಎಲ್ಲರೆದುರು ಹೇಳಿದ್ದರು.

ತೊಂಬತ್ತನೇ ದಿನ ಬಂತು. ತೊಂಬತ್ತು ದಿನ ಹೆಂಡ ಮುಟ್ಟದವರಿಗೆ ಬಳಗ ಒಂದು ತಾಮ್ರದ ಬಿಲ್ಲೆ ಕೊಡುತ್ತದೆ. ಸಂಜೆ ಆರಕ್ಕೆ ಕಾರ್ಯಕ್ರಮ. ಅಧ್ಯಕ್ಷರು ಯಾರು? ನಮ್ಮ ದೊಡ್ಡ ಡಾಕ್ಟರು. ಆಹ್ವಾನ ಪತ್ರದಲ್ಲಿ ಅವರ ಹೆಸರಿನ ಮುಂದೆ ಪದವಿಗಳ ಸಾಲೇ ಇತ್ತು. ನನ್ನ ಗಂಡನನ್ನು 'ಆಸ್ಪತ್ರೆ ನೌಕರರೊಬ್ಬರು' ಎಂದು ಹಾಕಿದ್ದರು.

ಅವತ್ತು ಬೆಳಿಗ್ಗೆಯೇ ಬಸ್ಸು ಉರುಳಿ ನಾಲ್ಕು ಹೆಣ ಬಂದವು. ನಾನು ಬಿಳಿ ಬಟ್ಟೆಯ ಕಟ್ಟು ಹೊತ್ತು ಶವಾಗಾರಕ್ಕೆ ಹೋದಾಗ ಹೊರಗೆ ಜನವೋ ಜನ. ಅಟೆಂಡರ್ ಬಂದು ಕಿಟಕಿಕಟ್ಟೆಯ ಮೇಲೆ ಬಾಟಲಿ ಇಟ್ಟ. ತೊಂಬತ್ತು ದಿನಗಳ ಮೇಲೆ ಅದು ಮತ್ತೆ ಅಲ್ಲಿ ಬಂದು ಕೂತಿತು.

ನನ್ನ ಗಂಡ ಬಾಟಲಿ ನೋಡಿದ. ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿದ್ದು ನನಗೆ ಕಾಣಿಸಿತು. ನಾಲ್ಕು ಹೆಣ. ಅದರಲ್ಲೊಂದು ಮಗು, ತಾಯಿಯ ಮಗ್ಗುಲಲ್ಲೇ ಇಟ್ಟು ತಂದಿದ್ದರು. ಕುಡಿದುಬಿಟ್ಟರೂ ಬೈಯುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ಹಾಗೆಯೇ ಹೇಳಿಕೊಂಡೆ.

ದೊಡ್ಡ ಡಾಕ್ಟರು ಕರ್ಚೀಫಿನೊಳಗಿಂದ ಹೇಳಿದರು, "ಹಾಕ್ಕೊಂಡು ಬೇಗ ಶುರು ಮಾಡು. ನಾಲ್ಕು ಗಂಟೆಗೆ ಎಲ್ಲ ಮುಗೀಬೇಕು. ಸಂಜೆ ನನಗೆ ಕಾರ್ಯಕ್ರಮ ಇದೆ."

"ಸಾರ್, ಆ ಕಾರ್ಯಕ್ರಮದಲ್ಲಿ ಬಿಲ್ಲೆ ತಗೊಳ್ಳೋನು ನಾನೇ."

"ಗೊತ್ತು ಕಣಯ್ಯ. ಒಂದು ದಿನಕ್ಕೆ ಏನೂ ಆಗಲ್ಲ. ಬಾಯಿ ವಾಸನೆ ಬರದ ಹಾಗೆ ಏನಾದ್ರೂ ಅಗೀತಾ ಬಾ. ಯಾರಿಗೆ ಗೊತ್ತಾಗುತ್ತೆ?"

ಇದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಕಟ್ಟುಕಥೆಯಲ್ಲ.

ನನ್ನ ಗಂಡ ಬಾಗಿಲಿಗೆ ಬಂದ. ಹೊಸ್ತಿಲ ಈಚೆ ಡಾಕ್ಟರು, ಆಚೆ ಅವನು. ಕಪಾಟಿನಿಂದ ಹೊಸ ಗ್ಲೌಸ್ ಜೊತೆಯೊಂದನ್ನು ತೆಗೆದು ಮುಂದೆ ಚಾಚಿದ.

"ನಾನು ಕುಡಿಯಲ್ಲ ಸಾರ್. ಕುಡೀದೆ ಮಾಡ್ತೀನಿ, ನಿಧಾನ ಆಗುತ್ತೆ. ಬೇಗ ಆಗ್ಬೇಕು ಅಂದ್ರೆ ನೀವೂ ಒಳಗೆ ಬನ್ನಿ. ನೀವೊಂದು ಕೊಯ್ಯಿರಿ, ನಾನೊಂದು ಕೊಯ್ತೀನಿ. ರೂಲ್ಸ್ ಪ್ರಕಾರ ನಾಲ್ಕೂ ನಿಮ್ಮದೇ."

ಡಾಕ್ಟರು ಗ್ಲೌಸ್ ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ನಾಳೆಯಿಂದ ಬರಬೇಡ. ನಿನ್ನಂಥವರು ಬೀದಿಗೆ ಹತ್ತು ಜನ ಸಿಗ್ತಾರೆ."

"ಸಿಗ್ತಾರೆ ಸಾರ್. ಅವರಿಗೂ ಹೆಂಡ್ತಿ ಇರ್ತಾಳೆ, ಅವಳಿಗೂ ಔಷಧ ಅಂತ ಹೇಳಿ" ಎಂದು ಅವನು ಒಳಗೆ ಹೋದ.

ಅವನು ನಾಲ್ಕನ್ನೂ ಕುಡಿಯದೆ ಮುಗಿಸಿದ. ಐದು ಗಂಟೆಯಾಯಿತು. ನಾಲ್ವರ ಹೊಲಿಗೆಯೂ ನೆಟ್ಟಗಿತ್ತು. ಮಗುವಿನ ಮುಖ ತೊಳೆದು ತಾಯಿಯ ಪಕ್ಕದಲ್ಲೇ ಮಲಗಿಸಿ ಕೊಟ್ಟ. ನಾನು ಕಿಟಕಿಕಟ್ಟೆಯಲ್ಲಿದ್ದ ಬಾಟಲಿಯನ್ನು ಒಂದು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಹನ್ನೊಂದು ವರ್ಷದ ಅಭ್ಯಾಸ, ಟಣ್ ಎಂಬ ಸದ್ದೂ ಬರಲಿಲ್ಲ.

ಸಂಜೆ ಬಳಗದ ಹಾಲ್ ತುಂಬಿತ್ತು. ಮೇಜಿನ ಹಿಂದೆ ದೊಡ್ಡ ಡಾಕ್ಟರು. ನನ್ನ ಗಂಡ ಆ ಉದ್ದ ತೋಳಿನ ಅಂಗಿ ಹಾಕಿಕೊಂಡು ಬಾಗಿಲ ಪಕ್ಕದ ತನ್ನ ಕುರ್ಚಿಯಲ್ಲಿ ಕೂತಿದ್ದ. ಬಿಲ್ಲೆ ಬೇಡ, ಮನೆಗೆ ಹೋಗೋಣ ಎಂದು ದಾರಿಯಲ್ಲಿ ಹೇಳಿದ್ದೆ. "ಅದು ಅವರದಲ್ಲ, ನಂದು" ಎಂದಿದ್ದ. ವೃತ್ತದ ಆ ತುದಿಯಲ್ಲಿ ಹೊಸಬನೊಬ್ಬನಿದ್ದ, ಮನೆಗಳಿಗೆ ಬಣ್ಣ ಹೊಡೆಯುವವನು. ಕುಡಿತ ಬಿಟ್ಟು ಮೂರೇ ದಿನ. ಕೈ ನಡುಗಿ ನಡುಗಿ ಟೀ ಲೋಟ ಹಿಡಿಯಲಾರದೆ ನೆಲದ ಮೇಲಿಟ್ಟುಕೊಂಡಿದ್ದ.

ಡಾಕ್ಟರು ಮಾತಾಡಿದರು. ಕುಡಿತ ರೋಗ, ರೋಗಿಗೆ ಸಮಾಜ ಹೆಗಲು ಕೊಡಬೇಕು, ನಮ್ಮ ಆಸ್ಪತ್ರೆ ಈ ನೌಕರನ ಬೆನ್ನಿಗೆ ಬಂಡೆಯಂತೆ ನಿಂತಿತು ಎಂದೆಲ್ಲ. ಚಪ್ಪಾಳೆ ಬಿತ್ತು. ಬಿಲ್ಲೆಯನ್ನು ಸ್ಟೀಲ್ ತಟ್ಟೆಯಲ್ಲಿಟ್ಟು, ತಟ್ಟೆಯ ತುದಿ ಹಿಡಿದು ಮುಂದೆ ಚಾಚಿದರು. ಅಲ್ಲೂ ಕೈಗೆ ಕೊಡಲಿಲ್ಲ.

ನನ್ನ ಗಂಡ ಎದ್ದು ಹೋದ. ತಟ್ಟೆ ಮುಟ್ಟಲಿಲ್ಲ. ವೃತ್ತದ ಕಡೆ ತಿರುಗಿದ.

"ನಾನು ಆಸ್ಪತ್ರೆ ನೌಕರ ಅಲ್ಲ. ಇವತ್ತು ಬೆಳಿಗ್ಗೆ ತೆಗೆದ್ರು. ನಾನು ಹೆಣ ಕೊಯ್ಯೋನು. ಇಲ್ಲಿ ಸುಳ್ಳು ಹೇಳಬಾರದು ಅಂತ ಇದೆ, ಅದಕ್ಕೆ ಹೇಳ್ತಿದೀನಿ. ಇವತ್ತು ಬೆಳಿಗ್ಗೆ ಇವರು ನನಗೆ ಬಾಟಲಿ ಕಳಿಸಿದ್ರು."

"ಏನು ಮಾತಾಡ್ತಿದೀಯ? ಕುಡಿದಿದೀಯಾ?" ಎಂದರು ಡಾಕ್ಟರು.

ನಾನು ಹೋಗಿ ಚೀಲ ಬಿಚ್ಚಿದೆ. ಬಟ್ಟೆ ಬಿಡಿಸಿ ಬಾಟಲಿಯನ್ನು ಅವರ ಮುಂದೆ ಮೇಜಿನ ಮೇಲಿಟ್ಟೆ. ಮುಚ್ಚಳದ ಸೀಲು ಹಾಗೇ ಇತ್ತು.

"ಹನ್ನೊಂದು ವರ್ಷ ನಿಮ್ಮ ಔಷಧ ಕೊಟ್ಟೆ ಸಾರ್. ಇದು ಉಳಿದಿದೆ. ನೀವು ತಗೊಳ್ಳಿ. ಕುಡಿದಾದ್ರೂ ಒಂದು ಸಲ ಒಳಗೆ ಹೋಗಿ ನೋಡಿ."

ಡಾಕ್ಟರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು. ಮೆಟ್ಟಿಲಿನಲ್ಲಿ ಅವರ ಬೂಟಿನ ಸದ್ದು ಕೆಳಗಿನವರೆಗೂ ಕೇಳಿಸಿತು. ಮೇಡಂ ಮುಖ ಬಿಳಿಚಿಕೊಂಡಿತ್ತು. ಏನಾದರೂ ಮಾಡಬೇಕಲ್ಲ, ಹೇಳಿದರು, "ಎಲ್ಲರೂ ಎದ್ದು ನಿಲ್ಲಿ. ಕೈ ಹಿಡಿಯೋಣ."

ಎಲ್ಲರೂ ಎದ್ದರು. ಜವಳಿ ಯಜಮಾನರ ಎರಡು ಬೆರಳು ಅಭ್ಯಾಸದಂತೆ ಅಂಗಿಯ ತೋಳಿಗೆ ಬಂದವು.

ನನ್ನ ಗಂಡ ತೋಳನ್ನು ಎಳೆದುಕೊಂಡ. ಗುಂಡಿ ಬಿಚ್ಚಿದ. ಹೆಣದ ಮುಂದೆ ನಿಲ್ಲುವ ಮೊದಲು ಮಡಚುವ ಹಾಗೆಯೇ, ಅವಸರವಿಲ್ಲದೆ, ಒಂದು ಮಡಿಕೆ, ಎರಡು ಮಡಿಕೆ, ನಾನು ಹೊಲಿದ ಎರಡು ಇಂಚನ್ನೂ ಸೇರಿಸಿ ಮೊಣಕೈಯಿಂದ ಮೇಲಕ್ಕೆ ಏರಿಸಿದ. ಆಮೇಲೆ ಬಲಗಡೆಯದು. ಬರಿಗೈ ಎರಡನ್ನೂ ಎರಡು ಪಕ್ಕಕ್ಕೆ ಚಾಚಿದ.

"ಹಿಡಿಯೋದಾದ್ರೆ ಕೈ ಹಿಡೀರಿ" ಎಂದ. "ಇಲ್ಲ ಅಂದ್ರೆ ಆ ಬೋರ್ಡು ಇಳಿಸಿ."

ಯಜಮಾನರು ತಮ್ಮ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಮೇಷ್ಟರು ಕಿಟಕಿಯ ಕಡೆ ನೋಡಿದರು. ನನಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಹಿಡಿಯಲು ಹೊರಟೆ.

"ನೀನಲ್ಲ. ನೀನು ಕೂತ್ಕೋ" ಎಂದ. "ನೀನು ಮನೇಲಿ ಹಿಡೀತೀಯ."

ಕೂತೆ. ಅವನು ಹಾಗೇ ನಿಂತಿದ್ದ. ಬೆಳಿಗ್ಗೆಯಿಂದ ನಾಲ್ಕು ಹೆಣ ಎತ್ತಿಳಿಸಿದ ತೋಳು, ನೋಯುತ್ತಿದ್ದಿರಬೇಕು. ಅವನು ಇಳಿಸಲಿಲ್ಲ. ಎಷ್ಟು ಹೊತ್ತೋ. ಆಗ ಆ ತುದಿಯಿಂದ ಬಣ್ಣ ಹೊಡೆಯುವವನು, ಮೂರು ದಿನದವನು, ತನ್ನ ಜಾಗ ಬಿಟ್ಟು ವೃತ್ತದ ನಡುವೆಯೇ ನಡೆದು ಬಂದ. ಅವನ ಕೈ ಗಡಗಡ ಅದುರುತ್ತಿತ್ತು. ಯಜಮಾನರನ್ನು ಭುಜದಿಂದ ಸರಿಸಿ, ನನ್ನ ಗಂಡನ ಎಡಗೈಯನ್ನು ಬೆರಳಿಗೆ ಬೆರಳು ಸೇರಿಸಿ ಹಿಡಿದುಕೊಂಡ.

"ಬಿಗಿಯಾಗಿ ಹಿಡ್ಕೋ ಅಣ್ಣಾ" ಎಂದ. "ನಂದು ನಿಲ್ತಾ ಇಲ್ಲ."

ನನ್ನ ಗಂಡ ಬಿಗಿಯಾಗಿ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಆ ಕೈಯ ನಡುಕ ಕಡಿಮೆಯಾಯಿತು. ಮೇಡಂ ಅಳುತ್ತಿದ್ದರು. ಯಾರೂ 'ಇವತ್ತು ಒಂದು ದಿನ' ಎಂದು ಶುರು ಮಾಡಲಿಲ್ಲ. ಮೇಷ್ಟರು ಇನ್ನೂ ಕಿಟಕಿಯ ಕಡೆಯೇ ನೋಡುತ್ತಿದ್ದರು. ನನ್ನ ಗಂಡನ ಬಲಗೈ ಅವರ ಪಕ್ಕದಲ್ಲಿ ಹಾಗೇ ಚಾಚಿಕೊಂಡಿತ್ತು.